ಮನೆಯ ನಾಯಿಮರಿಗೆ ವಾಂತಿಯಾದಾಗ

ಗೃಹಸ್ಥನ ಮನೆಗೆ ಬರುವ ಅತಿಥಿಗಳಲ್ಲಿ ನಾಯಿಮರಿಯೂ ಒಂದು. ಅದು ತಾನಾಗಿ ಬರುವುದು ಅಪರೂಪ. ಮಕ್ಕಳು ಎತ್ತಿಕೊಂಡು ಬರುವರು. "ಇದನ್ನು ಸಾಕೋಣ" ಎಂದು ಅವರು ಅಂಗಲಾಚುವುದು, "ಬೇಡ" ಎಂದು ಹಿರಿಯರು ಗದರುವುದು, ಸಂಜೆಯ ವೇಳೆಗೆ ಆ ಹಿರಿಯರೇ ಗೋಣಿಚೀಲವನ್ನು ಮಡಿಸಿ ಅದಕ್ಕೊಂದು ಹಾಸುಗೆಯನ್ನು ಸಿದ್ಧಪಡಿಸುವುದು, ಇದು ಎಷ್ಟೋ ಮನೆಗಳಲ್ಲಿ ನಡೆಯುವ ಕಥೆ. ಹೀಗೆ ಬಂದ ಅತಿಥಿಯು ಎರಡು ಮೂರು ದಿನ ಎಲ್ಲರ ಕೈಯಿಂದಲೂ ಏನೇನನ್ನೋ ತಿಂದು, ನಾಲ್ಕನೆಯ ದಿನ ಬೆಳಗ್ಗೆ ಜಗಲಿಯ ಮೇಲೆ ವಾಂತಿ ಮಾಡಿ, ಬಾಲವನ್ನು ಮುದುಡಿಕೊಂಡು ಮೂಲೆಯಲ್ಲಿ ಮಲಗುವುದು. ಆಗ ಒಬ್ಬೊಬ್ಬರದು ಒಂದೊಂದು ಮಾತು. "ನಾಯಿಯ ಜಾತಿ, ಹುಲ್ಲು ತಿಂದು ಸರಿಮಾಡಿಕೊಳ್ಳುತ್ತದೆ" ಎಂದು ಒಬ್ಬರು. "ಒಂದು ಚಮಚ ಹರಳೆಣ್ಣೆ ಹಾಕಿ" ಎಂದು ಮತ್ತೊಬ್ಬರು. "ಮಗುವಿಗೆ ತಂದ ಔಷಧ ಉಳಿದಿದೆಯಲ್ಲ" ಎಂದು ಇನ್ನೊಬ್ಬರು.

ಈ ಮಾತುಗಳನ್ನೆಲ್ಲ ಕೇಳಿದವನು ನಾನು. ಒಮ್ಮೆ ಅವುಗಳಂತೆ ನಡೆದು ಪಶ್ಚಾತ್ತಾಪ ಪಟ್ಟವನೂ ಹೌದು. ನಾನು ವೈದ್ಯನಲ್ಲ, ಮೂವತ್ತೈದು ವರ್ಷ ಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ವಿಶ್ರಾಂತನಾದ ಉಪಾಧ್ಯಾಯನು. ಆದರೆ ಒಂದು ಮರಿಯನ್ನು ಕಳೆದುಕೊಂಡೂ ಇನ್ನೊಂದನ್ನು ಉಳಿಸಿಕೊಂಡೂ ಕಲಿತ ಪಾಠವನ್ನು ಪಶುವೈದ್ಯರಿಂದ ಕೇಳಿ ತಿದ್ದಿಕೊಂಡು ವಾಚಕರ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

೧೯೯೮ನೆಯ ಇಸವಿಯ ಮಾತು. ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಅವಳು ಹುಲ್ಲುಬಣವೆಯ ಬಳಿಯಿಂದ ಎರಡು ತಿಂಗಳ ಒಂದು ಕೆಂದುಮರಿಯನ್ನು ತಂದು ಕೆಂಚನೆಂದು ಹೆಸರಿಟ್ಟಳು. ವಾರ ಕಳೆಯುವುದರೊಳಗೆ ಮರಿಯು ಒಂದು ಬೆಳಗ್ಗೆ ಹಳದಿ ನೊರೆಯನ್ನು ಕಕ್ಕಿತು. ಹಾಲನ್ನು ಮೂಸಿಯೂ ನೋಡಲಿಲ್ಲ. ಇದು ಅಜೀರ್ಣವೆಂದು ನಾನು ನಿಶ್ಚಯಿಸಿದೆನು. ಲಂಘನವೇ ಮೊದಲ ಚಿಕಿತ್ಸೆಯೆಂಬ ಹಿರಿಯರ ಪದ್ಧತಿಯನ್ನು ನೆನೆದು ಆಹಾರವನ್ನೂ ನೀರನ್ನೂ ತಡೆದೆನು. ಸಂಜೆ ಬಾಯಿ ಬಿಡಿಸಿ ಹರಳೆಣ್ಣೆಯನ್ನು ಹಾಕಿದೆನು. ಮರುದಿನ ದುರ್ಗಂಧದಿಂದ ಕೂಡಿದ ರಕ್ತಭೇದಿಯಾಯಿತು. ಮೂರನೆಯ ದಿನ ಬಸ್ಸಿನಲ್ಲಿ ತಾಲ್ಲೂಕಿನ ಪಶುವೈದ್ಯಶಾಲೆಗೆ ಒಯ್ದೆವು. ಅಲ್ಲಿಯ ವೈದ್ಯರು ಮಾಡಬಹುದಾದುದನ್ನೆಲ್ಲ ಮಾಡಿದರು. ಸಂಜೆಯ ಹೊತ್ತಿಗೆ ಕೆಂಚನು ಮಗಳ ಮಡಿಲಿನಲ್ಲಿಯೇ ಪ್ರಾಣಬಿಟ್ಟನು. ದಾರಿಯುದ್ದಕ್ಕೂ ಮಾತನಾಡದಿದ್ದ ಅವಳು ಮನೆಯ ಮೆಟ್ಟಿಲ ಬಳಿ ನಿಂತು, "ಅಪ್ಪಾ, ಮೊದಲ ದಿನವೇ ಹೋಗಿದ್ದರೆ?" ಎಂದು ಕೇಳಿದಳು.

ಮಹಾಭಾರತದ ಆದಿಪರ್ವದಲ್ಲಿ ಸರಮೆಯೆಂಬ ದೇವಶುನಿಯ ಪ್ರಸಂಗವಿದೆ. ಏನೂ ತಪ್ಪು ಮಾಡದ ತನ್ನ ಮರಿಯನ್ನು ಜನಮೇಜಯನ ತಮ್ಮಂದಿರು ಯಜ್ಞಶಾಲೆಯ ಬಳಿ ಹೊಡೆದುದೇಕೆಂದು ಅವಳು ಬಂದು ಕೇಳಿದಾಗ ಅವರು ನಿರುತ್ತರರಾಗಿ ನಿಂತರಂತೆ. ಆ ಪ್ರಸಂಗವನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೆನು. ಮಗಳ ಪ್ರಶ್ನೆಯ ಮುಂದೆ ನಿಂತ ದಿನವೇ ಅದರ ಅರ್ಥವು ನನಗೆ ಆದುದು.

ನನ್ನ ತಪ್ಪು ಎಲ್ಲಿತ್ತು? ಬೆಳೆದ ನಾಯಿಗೆ ಸಲ್ಲುವ ನಿಯಮವನ್ನು ಎಳೆಯ ಮರಿಗೆ ಅನ್ವಯಿಸಿದುದರಲ್ಲಿತ್ತು. ಬೆಳೆದ ನಾಯಿಯು ಒಂದು ದಿನ ಉಪವಾಸವಿದ್ದರೆ ಸಾಮಾನ್ಯವಾಗಿ ಅಪಾಯವಿಲ್ಲ. ಮರಿಯ ಸ್ಥಿತಿ ಬೇರೆ. ಅದರ ಯಕೃತ್ತಿನಲ್ಲಿ ಸಕ್ಕರೆಯ ಸಂಗ್ರಹವು ಅತ್ಯಲ್ಪ; ಆಹಾರವು ತಪ್ಪಿದರೆ ರಕ್ತದ ಸಕ್ಕರೆಯು ಬೇಗನೆ ಇಳಿದು ಮರಿಯು ನಡುಗುವುದು, ತೂರಾಡುವುದು, ಕೊನೆಗೆ ಪ್ರಜ್ಞೆ ತಪ್ಪುವುದೂ ಉಂಟು. ಎರಡು ಮೂರು ಸೇರು ತೂಕದ ದೇಹದಿಂದ ವಾಂತಿಭೇದಿಗಳ ಮೂಲಕ ಹೋಗುವ ನೀರು ನೋಡುವವರಿಗೆ ಸ್ವಲ್ಪವೆಂದು ಕಂಡರೂ ಮರಿಗೆ ಅದು ಪ್ರಾಣಕ್ಕೆ ಸಮಾನ. ಆದುದರಿಂದ ನಾಯಿಮರಿಯ ಕಾಯಿಲೆಯನ್ನು ದಿನಗಳಿಂದ ಎಣಿಸಬಾರದು, ಗಂಟೆಗಳಿಂದ ಎಣಿಸಬೇಕು. ಈ ಲೇಖನದಲ್ಲಿ ನಾನು ಹೇಳಬೇಕಾದ ಮಾತು ಇದೊಂದೇ. ಉಳಿದುದೆಲ್ಲ ಇದರ ವಿವರಣೆ.

ಹಾಗೆಂದು ಮರಿಯು ಒಂದು ಸಲ ಕಕ್ಕಿದೊಡನೆಯೇ ಗಾಬರಿಗೊಳ್ಳಬೇಕಾದುದಿಲ್ಲ. ಮೊದಲು ಅದು ನಿಜವಾದ ವಾಂತಿಯೇ ಎಂಬುದನ್ನು ನೋಡತಕ್ಕದ್ದು. ವಾಂತಿಯಾಗುವ ಮೊದಲು ಮರಿಯು ಜೊಲ್ಲು ಸುರಿಸುವುದು, ಹೊಟ್ಟೆಯು ಒಳಕ್ಕೆ ಎಳೆದೆಳೆದು ಉಬ್ಬಳಿಸುವುದು. ಹಾಗಲ್ಲದೆ, ತಿಂದ ಸ್ವಲ್ಪ ಹೊತ್ತಿಗೆ ಯಾವ ಶ್ರಮವೂ ಇಲ್ಲದೆ ಅರೆಯದ ಆಹಾರವು ಬಾಯಿಂದ ಜಾರಿ ಬಿದ್ದರೆ ಅದು ಅನ್ನನಾಳದಿಂದ ಮರಳಿದುದೇ ಹೊರತು ಜಠರದಿಂದ ಬಂದುದಲ್ಲ. ಆತುರದಿಂದ ನುಂಗಿದ ಮರಿಗೆ ಒಮ್ಮೊಮ್ಮೆ ಹೀಗಾಗುವುದು. ದಿನವೂ ಆಗುತ್ತಿದ್ದರೆ ಅನ್ನನಾಳದ ದೋಷವಿರಬಹುದಾಗಿ ವೈದ್ಯರಿಗೆ ತೋರಿಸಬೇಕು.

ನಿಜವಾದ ವಾಂತಿಯಾದರೆ ಕಾರಣಗಳು ಹಲವು. ಅವುಗಳಲ್ಲಿ ಸಾಮಾನ್ಯವಾದುದು ನಮ್ಮ ಪ್ರೀತಿಯೇ. ತಾಯಿಯ ಹಾಲನ್ನು ಬಿಟ್ಟು ಬಂದ ಮರಿಗೆ ಒಬ್ಬರು ಹಸುವಿನ ಹಾಲನ್ನೂ, ಒಬ್ಬರು ಬಿಸ್ಕತ್ತನ್ನೂ, ಒಬ್ಬರು ಹುಳಿಯನ್ನವನ್ನೂ ಕೊಡುವರು. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿಯು ಮರಿಯು ಬೆಳೆದಂತೆ ಕುಂದುವುದರಿಂದ ಹಸುವಿನ ಹಾಲೇ ಎಷ್ಟೋ ಮರಿಗಳಿಗೆ ಭೇದಿಯನ್ನು ತರುವುದು. ಹೊಸ ಆಹಾರವನ್ನು ರೂಢಿಸಬೇಕಾದರೆ ಹಿಂದೆ ತಿನ್ನುತ್ತಿದ್ದುದರ ಜೊತೆಗೆ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಒಂದು ವಾರದಲ್ಲಿ ಪೂರ್ತಿ ಬದಲಿಸತಕ್ಕದ್ದು.

ಎರಡನೆಯದು ಜಂತುಹುಳುಗಳು. ದುಂಡುಹುಳುವು ತಾಯಿಯ ಗರ್ಭದಲ್ಲಿರುವಾಗಲೇ ಮರಿಯನ್ನು ಸೇರಬಲ್ಲದು. ಮೊಲೆಹಾಲಿನ ಮೂಲಕವೂ ಬರುವುದು. ಮೈ ಬಡಕಲಾಗಿ ಹೊಟ್ಟೆ ಮಾತ್ರ ಗುಡಾಣದಂತೆ ಉಬ್ಬಿದ್ದರೆ, ವಾಂತಿಯಲ್ಲಿಯೋ ಮಲದಲ್ಲಿಯೋ ಶಾವಿಗೆಯ ಎಳೆಯಂಥವು ಕಂಡರೆ, ಇದೇ ಕಾರಣವೆಂದು ತಿಳಿಯಬಹುದು. ಮರಿ ಹುಟ್ಟಿದ ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ಎರಡು ವಾರಗಳಿಗೊಮ್ಮೆಯೂ, ಅನಂತರ ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆಯೂ ಹುಳುವಿನ ಔಷಧವನ್ನು ಕೊಡುವುದು ರೂಢಿ. ಮಾತ್ರೆಯ ಪ್ರಮಾಣವು ಮರಿಯ ತೂಕವನ್ನು ಅನುಸರಿಸುವುದಾದುದರಿಂದ ವೈದ್ಯರು ಹೇಳಿದಷ್ಟನ್ನೇ ಕೊಡಬೇಕು. ಈ ಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ಬಲಿತು ಮಕ್ಕಳ ಹೊಟ್ಟೆಯನ್ನು ಸೇರಿದರೆ ಅವರಿಗೂ ಕೇಡು. ಮರಿಯ ಮಲವನ್ನು ಆಗಿಂದಾಗಲೇ ತೆಗೆಯುವುದು, ಮಕ್ಕಳಿಗೆ ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಸುವುದು, ಇವೆರಡನ್ನೂ ಮನೆಯ ನಿಯಮವನ್ನಾಗಿ ಮಾಡಿಕೊಳ್ಳತಕ್ಕದ್ದು.

ಮೂರನೆಯದು ತಿನ್ನಬಾರದ ವಸ್ತು. ಮಾವಿನ ಗೊರಟು, ಮುಸುಕಿನ ಜೋಳದ ದಿಂಡು, ಎಲುಬು, ಕಾಲುಚೀಲ, ಹೂವು ಕಟ್ಟಿದ ದಾರ, ಎಲ್ಲವೂ ಮರಿಗೆ ತಿನಿಸೇ. ಇವು ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ದಾರದ ತುದಿಯು ಬಾಯಲ್ಲಿಯೋ ಗುದದಲ್ಲಿಯೋ ಕಂಡರೆ ಎಳೆಯಕೂಡದು. ಒಳಗಿನ ಕರುಳು ಕೊಯ್ದುಹೋದೀತು. ನಮಗೆ ಅಮೃತಪ್ರಾಯವಾದುದು ನಾಯಿಗೆ ವಿಷವಾಗುವುದೂ ಉಂಟು. ಪಾಯಸದ ಒಣದ್ರಾಕ್ಷಿ, ಹಸಿ ದ್ರಾಕ್ಷಿ, ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆಯಿಲ್ಲದ ಕೆಲವು ಚೂಯಿಂಗ್ ಗಮ್ಮುಗಳಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿ, ಇವೆಲ್ಲ ಆ ವರ್ಗದವು. ಇಲಿಪಾಷಾಣವನ್ನಂತೂ ಹೇಳಬೇಕಾದುದೇ ಇಲ್ಲ. ಇಂಥದನ್ನು ತಿಂದಿರುವ ಸಂದೇಹವಿದ್ದರೆ ಲಕ್ಷಣಗಳಿಗಾಗಿ ಕಾಯದೆ ಆ ಪೊಟ್ಟಣದ ಚೂರಿನೊಡನೆ ವೈದ್ಯರಲ್ಲಿಗೆ ಧಾವಿಸಬೇಕು. ವಮನವು ಪಂಚಕರ್ಮಗಳಲ್ಲಿ ಒಂದೆಂದು ಓದಿದವರು ಉಪ್ಪುನೀರು ಕುಡಿಸಿ ಕಕ್ಕಿಸಲು ಹೊರಡಬಾರದು. ಅತಿಯಾದ ಉಪ್ಪೇ ಮರಿಯನ್ನು ಕೊಲ್ಲಬಲ್ಲದು.

ನಾಲ್ಕನೆಯದು ಸಾಂಕ್ರಾಮಿಕ ರೋಗಗಳು. ಇವುಗಳಲ್ಲಿ ಮರಿಗಳ ಪಾಲಿಗೆ ಕಾಲಯಮನಂತಿರುವುದು ಪಾರ್ವೊ ಎಂಬ ವೈರಸ್ಸು. ೧೯೭೮ರ ಸುಮಾರಿಗೆ ತಲೆದೋರಿದ ಈ ರೋಗವು ಎರಡು ವರ್ಷಗಳೊಳಗೆ ಪ್ರಪಂಚದಲ್ಲೆಲ್ಲ ಹಬ್ಬಿತು. ನಮ್ಮ ಕೆಂಚನನ್ನು ಕೊಂಡೊಯ್ದುದೂ ಇದೇ ಎಂದು ಆಗಿನ ವೈದ್ಯರು ಹೇಳಿದರು. ಇದು ಕರುಳಿನ ಒಳಪದರವನ್ನೂ, ರಕ್ತದ ಬಿಳಿಯ ಕಣಗಳನ್ನು ಹುಟ್ಟಿಸುವ ಮಜ್ಜೆಯನ್ನೂ ಏಕಕಾಲದಲ್ಲಿ ಹಾಳುಮಾಡುವುದು. ಒಂದು ಕಡೆ ನೀರು ಸೋರಿಹೋಗುವುದು. ಇನ್ನೊಂದು ಕಡೆ ಕರುಳಿನ ರೋಗಾಣುಗಳು ರಕ್ತಕ್ಕೆ ನುಗ್ಗುವಾಗ ಅವುಗಳನ್ನು ಎದುರಿಸುವ ಸೈನ್ಯವೇ ಇಲ್ಲದಂತಾಗುವುದು. ಚಿಕಿತ್ಸೆಯಿಲ್ಲದ ಮರಿಗಳಲ್ಲಿ ಬಹುಪಾಲು ಸಾಯುವುವು. ಬೇಗನೆ ಚಿಕಿತ್ಸೆ ದೊರೆತವುಗಳಲ್ಲಿ ಬಹುಪಾಲು ಬದುಕುವುವು. ಈ ಎರಡು ವಾಕ್ಯಗಳ ನಡುವಣ ಅಂತರವೇ ಗೃಹಸ್ಥನ ಕೈಯಲ್ಲಿರುವ ಕಾಲ.

ಹಾಗಾದರೆ ಯಾವಾಗ ಕಾಯಬಹುದು, ಯಾವಾಗ ಕಾಯಕೂಡದು? ಒಂದೆರಡು ಸಲ ವಾಂತಿಯಾಗಿ ನಿಂತು, ಮರಿಯು ಮೊದಲಿನಂತೆ ಆಡುತ್ತ, ಕರೆದರೆ ಬರುತ್ತ, ನೀರು ಕುಡಿದು ಉಳಿಸಿಕೊಂಡರೆ ಮನೆಯಲ್ಲಿಯೇ ಕಣ್ಣಿಟ್ಟು ನೋಡಬಹುದು. ಆದರೆ ವಾಂತಿಯು ಮತ್ತೆ ಮತ್ತೆ ಆದರೆ, ಕುಡಿದ ನೀರೂ ನಿಲ್ಲದಿದ್ದರೆ, ವಾಂತಿಯಲ್ಲಾಗಲಿ ಮಲದಲ್ಲಾಗಲಿ ರಕ್ತವು ಕಂಡರೆ, ಹೊಟ್ಟೆಯು ಬಿಗಿದು ಮುಟ್ಟಗೊಡದಿದ್ದರೆ, ಮರಿಯು ಎದ್ದು ಬಾರದೆ ಮಂಕಾಗಿ ಬಿದ್ದಿದ್ದರೆ, ಆ ದಿನವೇ, ಆ ಹೊತ್ತಿನಲ್ಲಿಯೇ ಹೊರಡತಕ್ಕದ್ದು. ಚುಚ್ಚುಮದ್ದುಗಳು ಪೂರ್ತಿಯಾಗಿರದ ಮರಿಗೆ ವಾಂತಿಯೊಡನೆ ಭೇದಿಯೂ ಸೇರಿದರೆ ಅದೊಂದೇ ಸಾಕಾದ ಕಾರಣ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳು ಮೂರು. ಮರಿಯ ತುಟಿಯನ್ನೆತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗವು ಎರಡು ಸೆಕೆಂಡುಗಳೊಳಗೆ ಮತ್ತೆ ನಸುಗೆಂಪಾಗಬೇಕು. ಒಸಡು ತೇವವಾಗಿ ನುಣುಪಾಗಿರಬೇಕು. ಹೆಗಲಿನ ಚರ್ಮವನ್ನು ಎತ್ತಿ ಬಿಟ್ಟರೆ ಕೂಡಲೇ ಸ್ವಸ್ಥಾನಕ್ಕೆ ಮರಳಬೇಕು. ನಿಧಾನವಾದರೆ ದೇಹದಲ್ಲಿ ನೀರು ಕಡಮೆಯಾಗಿದೆಯೆಂದರ್ಥ. ನಾಯಿಯ ಸಹಜವಾದ ಉಷ್ಣವು ಸುಮಾರು ೧೦೧ರಿಂದ ೧೦೨.೫ ಡಿಗ್ರಿ ಫ್ಯಾರನ್‌ಹೀಟ್, ಮನುಷ್ಯನಿಗಿಂತ ಹೆಚ್ಚು. ಆದುದರಿಂದ ಮೈ ಬೆಚ್ಚಗಿದೆಯೆಂಬುದರಿಂದಲೇ ಜ್ವರವೆನ್ನಲಾಗದು. ಮರಿಯ ಮೈ ತಣ್ಣಗಾಗುತ್ತಿದ್ದರೆ ಅದು ಜ್ವರಕ್ಕಿಂತಲೂ ಕೆಟ್ಟ ಲಕ್ಷಣ.

ಮನೆಯಲ್ಲಿ ಇಟ್ಟುಕೊಂಡು ನೋಡುವ ಮರಿಗೆ ಉಪಚಾರವು ಸರಳವಾಗಿರಲಿ. ವಾಂತಿಯಾದ ಮೇಲೆ ಒಂದೆರಡು ಗಂಟೆ ಆಹಾರವನ್ನು ಕೊಡದೆ ಹೊಟ್ಟೆಗೆ ವಿಶ್ರಾಂತಿ ಕೊಡಬಹುದು. ದಿನವಿಡೀ ಉಪವಾಸ ಕೆಡಹಬಾರದು. ನೀರನ್ನು ಬಟ್ಟಲು ತುಂಬ ಇಟ್ಟರೆ ಒಮ್ಮೆಗೇ ಕುಡಿದು ಮತ್ತೆ ಕಕ್ಕುವುದು. ಕಾಲು ಗಂಟೆಗೊಮ್ಮೆ ಒಂದೆರಡು ಚಮಚದಂತೆ ನೆಕ್ಕಿಸಬೇಕು. ಬಾಯಿಗೆ ಬಲವಂತದಿಂದ ಹೊಯ್ದರೆ ಶ್ವಾಸಕೋಶಕ್ಕೆ ಇಳಿಯಬಹುದು. ನೀರು ನಿಂತರೆ ಮೆತ್ತಗೆ ಬೇಯಿಸಿದ ಅನ್ನವನ್ನು ಉಪ್ಪು, ಎಣ್ಣೆ, ಒಗ್ಗರಣೆಗಳಿಲ್ಲದೆ ಒಂದೆರಡು ಚಮಚದಷ್ಟು ಕೊಡತಕ್ಕದ್ದು. ಮಾಂಸಾಹಾರದ ಮನೆಗಳಲ್ಲಿ ಎಲುಬು, ಚರ್ಮಗಳನ್ನು ತೆಗೆದು ಬೇಯಿಸಿದ ಕೋಳಿಯ ಮಾಂಸವನ್ನು ಅನ್ನಕ್ಕೆ ಬೆರೆಸಬಹುದು. ಇಲ್ಲದ ಮನೆಗಳಲ್ಲಿ ಬೇಯಿಸಿದ ಸಿಹಿಗುಂಬಳದ ತಿರುಳು ಸೇರಲಿ. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ. ಈ ಪಥ್ಯವು ಎರಡು ಮೂರು ದಿನಗಳಿಗೆ ಮಾತ್ರ. ಬೆಳೆಯುವ ಮೈಗೆ ಇದರಲ್ಲಿ ಪೂರ್ಣ ಪುಷ್ಟಿಯಿಲ್ಲ. ಮರಿಯು ನಡುಗುತ್ತ ತೂರಾಡುತ್ತಿದ್ದರೆ ಜೇನುತುಪ್ಪವನ್ನೋ ಸಕ್ಕರೆಯ ಪಾಕವನ್ನೋ ಬೆರಳಿನಿಂದ ಒಸಡಿಗೆ ಸವರಿ, ಬೆಚ್ಚಗೆ ಸುತ್ತಿಕೊಂಡು, ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು.

ಮನೆಯ ಔಷಧದ ಪೆಟ್ಟಿಗೆಯನ್ನು ಮಾತ್ರ ತೆರೆಯಕೂಡದು. ಪ್ಯಾರಸಿಟಮಾಲ್, ಐಬುಪ್ರೊಫೆನ್ ಮೊದಲಾದ ಮನುಷ್ಯರ ಗುಳಿಗೆಗಳು ನಾಯಿಗೆ ವಿಷವಾಗಬಲ್ಲವು. ಭೇದಿಯನ್ನು ಕಟ್ಟುವ ಗುಳಿಗೆಯು ಒಳಗೆ ಉಳಿಯಬಾರದ ವಿಷವನ್ನು ಒಳಗೇ ಉಳಿಸುವುದು. ಹರಳೆಣ್ಣೆಯು ಬತ್ತುತ್ತಿರುವ ಕೊಳದ ಕಟ್ಟೆಯನ್ನು ಒಡೆದಂತೆ. ಇದು ನಾನು ಮಾಡಿ ತಿಳಿದುದು.

ಇನ್ನೊಂದು ಎಚ್ಚರಿಕೆ. ಮರಿಯ ದವಡೆಯು ಜೋತುಬಿದ್ದು, ಜೊಲ್ಲು ಸುರಿದು, ನುಂಗಲಾರದೆ ಗಂಟಲಲ್ಲಿ ಎಲುಬು ಸಿಕ್ಕಿದಂತೆ ಒದ್ದಾಡುತ್ತಿದ್ದರೆ ಬಾಯೊಳಗೆ ಕೈಯಿಡಬೇಡಿರಿ. ಹುಚ್ಚುನಾಯಿ ರೋಗವೂ ಹೀಗೆಯೇ ಕಾಣಿಸುವುದುಂಟು. ಎಳೆಯ ಮರಿಗೂ ಅದು ಬರಬಲ್ಲದು. ಜೊಲ್ಲು ಗಾಯಕ್ಕೆ ತಾಗಿದ್ದರೆ ಅಥವಾ ಹಲ್ಲು ತಗುಲಿದ್ದರೆ ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ವಿಚಾರವನ್ನು ಕೇಳತಕ್ಕದ್ದು.

ಈಗ ಎರಡನೆಯ ಮರಿಯ ವೃತ್ತಾಂತ. ೨೦೨೪ರ ಆಷಾಢದಲ್ಲಿ ಅದೇ ಮಗಳ ಮಗಳು, ಎಂಟು ವರ್ಷದವಳು, ಹತ್ತು ವಾರದ ಒಂದು ಬಿಳಿಯ ಮರಿಯನ್ನು ಸಾಕುತ್ತಿದ್ದಳು, ಹೆಸರು ಬೆಳ್ಳಿ. ಒಂದು ದಿನ ಬೆಳಗ್ಗೆ ಏಳಕ್ಕೆ ಒಮ್ಮೆ, ಒಂಬತ್ತಕ್ಕೆ ಒಮ್ಮೆ ವಾಂತಿಯಾಯಿತು. ಹಾಜರಿ ಪುಸ್ತಕವನ್ನು ಬರೆದ ಕೈ. ಕಾಗದದಲ್ಲಿ ಹೊತ್ತನ್ನೂ ಬಣ್ಣವನ್ನೂ ಗುರುತಿಸಿದೆನು. ಹತ್ತೂವರೆಗೆ ಮೂರನೆಯ ಸಲವಾಗಿ, ನೆಕ್ಕಿಸಿದ ನೀರೂ ಹೊರಬಂದಿತು. ನನ್ನ ಮನೆಯವರು "ಮಳೆ ಬಿಡಲಿ, ಸಂಜೆ ನೋಡೋಣ" ಎಂದರು. ಮಗಳು ನನ್ನ ಮುಖವನ್ನು ನೋಡಿದಳು. ನಾನು ಕೊಡೆಯನ್ನು ತೆಗೆದುಕೊಂಡೆನು.

ಪಶುವೈದ್ಯಶಾಲೆಯಲ್ಲಿದ್ದ ವೈದ್ಯೆಯು ಒಂದು ಕಾಲದಲ್ಲಿ ನನ್ನ ತರಗತಿಯಲ್ಲಿ ಕುಳಿತವಳು. ಬೇರೆ ಮರಿಗಳಿಗೆ ಸೋಂಕದಿರಲೆಂದು ನಾವು ಬುಟ್ಟಿಯನ್ನು ಆಟೋವಿನಲ್ಲಿಯೇ ಇಟ್ಟು ಮೊದಲು ತಿಳಿಸಿದೆವು. ಅವಳು ಮಲದ ಮಾದರಿಯನ್ನು ತೆಗೆದು ಒಂದು ಸಣ್ಣ ಪಟ್ಟಿಯಲ್ಲಿ ಪರೀಕ್ಷಿಸಿದಳು. ಕೆಲವು ನಿಮಿಷಗಳಲ್ಲಿ ಎರಡು ಗೆರೆಗಳು ಮೂಡಿದವು. ಪಾರ್ವೊ.

"ಒಂದು ಚುಚ್ಚುಮದ್ದು ಹಾಕಿಸಿದ್ದೆವಲ್ಲಮ್ಮ?" ಎಂದೆನು.

"ಒಂದು ಸಾಲದು, ಮೇಷ್ಟ್ರೇ," ಎಂದಳು. "ತಾಯಿಯ ಮೊದಲ ಹಾಲಿನಿಂದ ಮರಿಗೆ ಬಂದ ರಕ್ಷಣೆ ಕೆಲವು ವಾರ ಇರುತ್ತದೆ. ಅದು ಇರುವಷ್ಟು ದಿನ ನಮ್ಮ ಚುಚ್ಚುಮದ್ದನ್ನೂ ಕೆಲಸ ಮಾಡಗೊಡುವುದಿಲ್ಲ. ಅದು ಯಾವ ವಾರ ಇಳಿಯುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಆರೆಂಟು ವಾರದಿಂದ ಹಿಡಿದು ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕುತ್ತಲೇ ಇರಬೇಕು. ಆಮೇಲೆ ವರ್ಷದೊಳಗೆ ಇನ್ನೊಂದು."

"ಇದಕ್ಕೆ ಔಷಧ?"

"ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲಿ ನಮ್ಮ ಕೈಯಲ್ಲಿಲ್ಲ, ಮೇಷ್ಟ್ರೇ. ನರಕ್ಕೆ ನೀರು, ಲವಣ, ಸಕ್ಕರೆ ಕೊಟ್ಟು, ವಾಂತಿ ನಿಲ್ಲಿಸಿ, ಬೇರೆ ಸೋಂಕು ತಡೆದು, ಮರಿಯೇ ಗೆಲ್ಲುವವರೆಗೆ ಅದನ್ನು ಹಿಡಿದು ನಿಲ್ಲಿಸುವುದು ನಮ್ಮ ಕೆಲಸ. ನೀವು ಬೇಗ ತಂದಿದ್ದೀರಿ. ನೋಡೋಣ."

ಐದು ದಿನ ಮಳೆಯಲ್ಲಿಯೇ ಹೋಗಿ ಬಂದೆವು. ಮೂರನೆಯ ದಿನ ಮರಿಯು ತಲೆಯೆತ್ತಲಿಲ್ಲ. ಮೊಮ್ಮಗಳು ಅಂದು ಊಟ ಮಾಡಲಿಲ್ಲ. ನಾಲ್ಕನೆಯ ದಿನ ವಾಂತಿ ನಿಂತಿತು. ಐದನೆಯ ದಿನ ಬೆಳ್ಳಿಯು ವೈದ್ಯೆಯ ಬೆರಳಿನಿಂದ ಒಂದಿಷ್ಟು ಮೆತ್ತನೆಯ ಅನ್ನವನ್ನು ನೆಕ್ಕಿತು.

ಮರಿಯು ಮನೆಗೆ ಬಂದ ಮೇಲೆಯೂ ಕೆಲಸವು ಮುಗಿಯದು. ಪಾರ್ವೊ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ, ನೆರಳು ತೇವಗಳಿರುವೆಡೆ ವರ್ಷದವರೆಗೂ ಉಳಿಯಬಲ್ಲದು. ಚಪ್ಪಲಿಯ ಅಡಿಯಲ್ಲಿ ಇನ್ನೊಂದು ಮನೆಗೆ ಹೋಗಬಲ್ಲದು. ನಾವು ನಂಬುವ ಫಿನಾಯಿಲು ಇದನ್ನು ನಿಶ್ಚಯವಾಗಿ ಕೊಲ್ಲಲಾರದು. ಮಲವನ್ನೆಲ್ಲ ತೆಗೆದು ನೆಲವನ್ನು ಸೋಪಿನಿಂದ ತೊಳೆದ ಮೇಲೆ, ಅಂಗಡಿಯಲ್ಲಿ ದೊರೆಯುವ ಬ್ಲೀಚ್ ದ್ರಾವಣವನ್ನು ಒಂದು ಪಾಲಿಗೆ ಮೂವತ್ತು ಪಾಲು ನೀರಿನಂತೆ ಬೆರೆಸಿ ಹತ್ತು ನಿಮಿಷ ನೆನೆಯಲು ಬಿಟ್ಟು ತೊಳೆಯಬೇಕು. ಅದಕ್ಕೆ ಕಕ್ಕಸು ತೊಳೆಯುವ ಆಸಿಡ್ಡನ್ನು ಬೆರೆಸಕೂಡದು, ವಿಷವಾಯುವು ಏಳುವುದು. ಗೋಣಿ ಹಾಸುಗೆಯನ್ನು ಸುಡುವುದೇ ಮೇಲು. ನಾಯಿಯ ಈ ಪಾರ್ವೊ ಮನುಷ್ಯರಿಗೆ ತಗುಲುವುದಿಲ್ಲ. ಮಕ್ಕಳ ಬಗ್ಗೆ ಆ ಭಯವು ಬೇಡ. ಆದರೆ ಚುಚ್ಚುಮದ್ದುಗಳು ಪೂರ್ತಿಯಾಗದ ಬೇರೊಂದು ಮರಿಯನ್ನು ಒಂದು ವರ್ಷದವರೆಗೆ ಆ ಅಂಗಳಕ್ಕೆ ತರದಿರುವುದು ಒಳ್ಳೆಯದು.

ಮರಿಯನ್ನು ಮನೆಗೆ ತಂದ ದಿನವೇ ಗೃಹಸ್ಥನು ಮಾಡಬೇಕಾದುದು ಹೆಚ್ಚೇನೂ ಇಲ್ಲ. ಹತ್ತಿರದ ಪಶುವೈದ್ಯಶಾಲೆ ಎಲ್ಲಿದೆ, ಎಷ್ಟು ಹೊತ್ತಿನವರೆಗೆ ತೆರೆದಿರುವುದು, ರಾತ್ರಿಯಲ್ಲಿ ಯಾರನ್ನು ಕರೆಯಬೇಕು ಎಂಬುದನ್ನು ಬರೆದು ಗೋಡೆಗೆ ಅಂಟಿಸುವುದು. ಚುಚ್ಚುಮದ್ದಿನ ದಿನಗಳನ್ನು ಪಂಚಾಂಗದಲ್ಲಿ ಗುರುತಿಸುವುದು. ಮರಿಗೆ ತಿನ್ನಿಸುವ ಕೈ ಒಂದೇ ಆಗಿರುವಂತೆ ಮನೆಯಲ್ಲಿ ಗೊತ್ತುಮಾಡುವುದು. ಇಷ್ಟಾದರೆ ಕಷ್ಟಕಾಲದಲ್ಲಿ ಮಾತಿಗೆ ಮಾತು ಬೆಳೆದು ಹೊತ್ತು ಹೋಗುವುದು ತಪ್ಪುವುದು.

ಬೆಳ್ಳಿಯು ಈಗ ಬೆಳೆದ ನಾಯಿ. ಈ ಲೇಖನವನ್ನು ಬರೆಯುತ್ತಿರುವಾಗ ಅದು ಮೆಟ್ಟಿಲ ಮೇಲೆ ಮಲಗಿದೆ. ಕೆಂಚನು ಹೋದ ದಿನ ಮಗಳು ನಿಂತು ನನ್ನನ್ನು ಪ್ರಶ್ನೆ ಕೇಳಿದ ಅದೇ ಮೆಟ್ಟಿಲು. ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಇಪ್ಪತ್ತಾರು ವರ್ಷ ಹಿಡಿಯಿತು. ವಾಚಕರ ಮನೆಗಳಲ್ಲಿ ಅಂಥ ಪ್ರಶ್ನೆಯು ಏಳದಿರಲಿ.